ಅಳುವವರನ್ನು ನೋಡುವ ಮುಖ

ಗ್ವಾಂಗ್ಜು
12 ಮಾರ್ಚ್ 2019

ರಾನ್‌ಹಿಗೆ,

ಕೈಬರಹ ನೋಡಿದ ಕೂಡಲೇ ಕಾಗದ ಹರಿದು ಒಲೆಗೆ ಹಾಕಬೇಡ. ಹಾಕುವುದೇ ಇದ್ದರೆ ಪೂರ್ತಿ ಓದಿ ಹಾಕು. ನಾನು ಗ್ವಾಕ್ ದೊಕ್ಸು. ಮೊಕ್ಪೊ ಬಂದರಿನ ಬೀದಿಯಲ್ಲಿ ಸ್ಟುಡಿಯೊ ಇಟ್ಟಿದ್ದವನು. ಹತ್ತೊಂಬತ್ತರ ಹುಡುಗಿಯಾಗಿದ್ದ ನಿನ್ನನ್ನು ಕಡಲಪಾಚಿ ಒಣಗಿಸುವ ಅಂಗಳದಿಂದ ಎಬ್ಬಿಸಿ ತಂದು ಇಡೀ ದೇಶದ ಗೋಡೆಗಳ ಮೇಲೆ ತೂಗುಹಾಕಿದವನು.

ಕಳೆದ ವಾರ ಹಳೆಯ ಗೆಳೆಯನೊಬ್ಬನ ಸಾವಿಗೆ ಹೋಗಿದ್ದೆ. ಬದುಕಿರುವಷ್ಟು ದಿನ ಅವನು ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡಿಕೊಂಡೇ ಇದ್ದ. ಆದರೆ ಬಿಳಿ ಸೇವಂತಿಗೆಯ ನಡುವೆ ಇಟ್ಟಿದ್ದ ಫೋಟೊದಲ್ಲಿ ಎಷ್ಟು ಲಕ್ಷಣವಾಗಿದ್ದನೆಂದರೆ, ಎರಡು ಸಲ ನೆಲ ಮುಟ್ಟಿ ಬಗ್ಗಬೇಕಾದವನು ಬಗ್ಗುವುದನ್ನೇ ಮರೆತು ನಿಂತುಬಿಟ್ಟೆ. ಯಾರು ತೆಗೆದದ್ದು ಎಂದು ಅವನ ಹೆಂಡತಿಯನ್ನು ಕೇಳಿದೆ. ನನಗೆ ಈಗ ಕಿವಿ ಕೇಳಿಸುವುದಿಲ್ಲ. ಅವಳು ಬಾಯಿ ಹತ್ತಿರ ತಂದು ಕೂಗಿದಳು: "ಮೊಕ್ಪೊ ಸ್ಟೇಷನ್ ಹತ್ರ ಪ್ಯೊ ಅಂತ ಒಬ್ಬ ಹೆಂಗಸು. ವಯಸ್ಸಾದೋರೆಲ್ಲ ಅವಳ ಹತ್ರಾನೇ ಹೋಗಿ ಮುಂಚೇನೇ ತೆಗೆಸಿಟ್ಕೋತಾರೆ."

ನನಗೆ ಎಪ್ಪತ್ತಾರು. ಎದೆಯಲ್ಲಿರುವುದು ಒಳ್ಳೆಯದಲ್ಲ ಎಂದು ಡಾಕ್ಟರು ಮಗಳಿಗೆ ಹೇಳಿದ್ದಾರೆ. ನನಗೆ ಗೊತ್ತಿಲ್ಲವೆಂದು ಅವಳು ತಿಳಿದಿದ್ದಾಳೆ. ನನ್ನ ಕೊನೆಯ ಫೋಟೊ ನೀನು ತೆಗೆಯಬೇಕು. ಮೂರು ದಿನ ಜನ ಅದರ ಮುಂದೆ ಬಗ್ಗುತ್ತಾರೆ, ಆಮೇಲೆ ವರ್ಷವರ್ಷವೂ ಮಗಳು ಅದರ ಮುಂದೆಯೇ ಎಡೆ ಇಡುತ್ತಾಳೆ. ಅದನ್ನು ಕಂಡಕಂಡವರ ಕೈಗೆ ಕೊಡಲಾರೆ.

ಯಾವಾಗ ಬರಲಿ, ಬರೆ.

ಗ್ವಾಕ್ ದೊಕ್ಸು

—

ಮೊಕ್ಪೊ
2 ಏಪ್ರಿಲ್ 2019

ಗ್ವಾಕ್ ಮೇಷ್ಟ್ರಿಗೆ,

ಪೂರ್ತಿ ಓದಿದೆ. ಒಲೆಗೆ ಹಾಕಿಲ್ಲ. ನಿಮ್ಮ ಸೊಕ್ಕು ಇನ್ನೂ ಹಾಗೇ ಇದೆಯೆಂದು ಬೇಕಾದಾಗ ನೋಡಿಕೊಳ್ಳಲು ಇಟ್ಟುಕೊಂಡಿದ್ದೇನೆ.

ಕಿವಿ ಹೋಗಿದೆ ಅಂತೀರಿ, ನೆನಪೂ ಹೋಗಿರಬಹುದು. ನಾನೇ ಹೇಳುತ್ತೇನೆ. 1981ರ ಚಳಿಗಾಲ. ಬಂದರಿನ ಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿದ್ದಿರಿ. "ಗದ್ದ ಇಳಿಸು. ಕಣ್ಣು ದೂರಕ್ಕೆ. ಹಡಗಿಗೆ ಕಾಯ್ತಿದ್ದೀಯ, ಹಡಗು ಬರ್ತಿಲ್ಲ. ಅಳು." ನನಗೆ ಅಳು ಬರಲಿಲ್ಲ. ಹೊಸ ಬಟ್ಟೆ ಹಾಕಿದ್ದೆ, ತುಟಿಗೆ ಬಣ್ಣ ಹಚ್ಚಿದ್ದರು, ಖುಷಿಯಾಗಿದ್ದೆ. ನೀವು ಬೈದಿರಿ. ಸ್ಟುಡಿಯೊಗೆ ಹೋದವರು ಓಡುತ್ತ ಬಂದು, ಕ್ಯಾಮೆರಾದ ಪಕ್ಕ ನಿಂತು, ಮೆಲ್ಲಗೆ ಅಂದಿರಿ: "ರಾನ್‌ಹಿ, ಈಗ ಫೋನ್ ಬಂತು. ನಿಮ್ಮಪ್ಪನ ದೋಣಿ ಮುಳುಗಿತಂತೆ."

"ಯಾರು ಹೋದ್ರು? ಮೇಷ್ಟ್ರೇ, ಯಾರು ಹೋದ್ರು?" ಎಂದು ಕೇಳುತ್ತ ನಾನು ಅತ್ತೆ. ನೀವು ಗುಂಡಿ ಒತ್ತಿದಿರಿ. ಆಮೇಲೆ ಅಂದಿರಿ: "ಆಯ್ತು, ಚೆನ್ನಾಗಿ ಬಂತು. ದೋಣಿಗೇನೂ ಆಗಿಲ್ಲ. ಚಹಾ ಕುಡಿ."

ಆ ಫೋಟೊಗೆ ನಿಮಗೆ ಬಹುಮಾನ ಬಂತು. ಮರುವರ್ಷ ಕ್ಯಾಲೆಂಡರು ಬಂತು. ಕ್ಷೌರದಂಗಡಿ, ಮೀನಿನ ಹೋಟೆಲು, ಬಂದರಿನ ಕಚೇರಿ, ಎಲ್ಲೆಲ್ಲೂ ನಾನು ಅಳುತ್ತ ನಿಂತಿದ್ದೆ. ಅದನ್ನಾದರೂ ನುಂಗಿಕೊಂಡೆ.

ಮೂರು ವರ್ಷದ ನಂತರ ಅಪ್ಪನ ದೋಣಿ ನಿಜವಾಗಿಯೂ ಮುಳುಗಿತು. ಬೂಟುಗಳಷ್ಟೇ ಸಿಕ್ಕವು. ಹಿರಿಮಗಳು "ಐಗೊ, ಐಗೊ" ಎಂದು ಗೋಳಿಡಬೇಕು, ಬಂದವರಿಗೆಲ್ಲ ಕೇಳಿಸಬೇಕು. ನನಗೆ ಆಗಲಿಲ್ಲ. ಅಳು ಗಂಟಲವರೆಗೆ ಬಂದಾಗಲೆಲ್ಲ ನಿಮ್ಮ ಆ ಹೊತ್ತಿನ ಮುಖ ಕಣ್ಣಮುಂದೆ ಬರುತ್ತಿತ್ತು. ನಾನು ಕಣ್ಣೀರು ಸುರಿಸುವಾಗ ನಿಮ್ಮ ತುಟಿಯ ಬಲ ತುದಿ ಮೇಲೇರಿತ್ತು. ಅದು ಕಂಡ ತಕ್ಷಣ ಗಂಟಲು ಒಣಗುತ್ತಿತ್ತು. ನೆರೆಹೊರೆಯ ಹೆಂಗಸರು ನನ್ನೆದುರೇ ಮಾತಾಡಿಕೊಂಡರು: "ಕ್ಯಾಲೆಂಡರಿಗೆ ಅಳೋಕೆ ಬರುತ್ತೆ, ಹೆತ್ತಪ್ಪನಿಗೆ ಬರಲ್ವಂತೆ. ದುಡ್ಡು ಕೊಟ್ರೆ ಅಳ್ತಾಳೇನೋ ಕೇಳ್ರೇ." ಅಮ್ಮ ಸಾಯುವವರೆಗೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ನೀವೂ ಆ ಸಾವಿಗೆ ಬಂದಿದ್ದಿರಿ. ಕೋಟಿನೊಳಗೆ ಕ್ಯಾಮೆರಾ ಇತ್ತು. ಮಧ್ಯಾಹ್ನವೆಲ್ಲ ಕಾದಿರಿ, ಖಾರದ ಸಾರು ಎರಡು ಬಟ್ಟಲು ಉಂಡಿರಿ, ನಾನು ಅಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಎದ್ದು ಹೋದಿರಿ. ನಾನು ನೋಡಲಿಲ್ಲ ಅಂದುಕೊಂಡಿದ್ದಿರಾ?

ಬೇರೆ ಸ್ಟುಡಿಯೊ ಹುಡುಕಿಕೊಳ್ಳಿ.

ಪ್ಯೊ ರಾನ್‌ಹಿ

—

ಗ್ವಾಂಗ್ಜು
10 ಏಪ್ರಿಲ್ 2019

ರಾನ್‌ಹಿಗೆ,

ನೆನಪು ಹೋಗಿಲ್ಲ. ನೀನು ಬರೆದದ್ದೆಲ್ಲ ನಿಜ, ಒಂದನ್ನು ಬಿಟ್ಟು: ಸಾರು ಮೂರು ಬಟ್ಟಲು.

ನಾನು ಕ್ಷಮೆ ಕೇಳುತ್ತೇನೆಂದು ಕಾಯಬೇಡ. ನೀನೂ ಈಗ ಅದೇ ಕಸುಬಿನವಳು. "ಅಳು" ಎಂದರೆ ಯಾರೂ ಅಳುವುದಿಲ್ಲ, ಮೂತಿ ತಿರುಚುತ್ತಾರೆ. ಅವತ್ತು ನೀನು ಮೂತಿ ತಿರುಚಿದ್ದು ನೋಡಿದ್ದರೆ ಹಲ್ಲುನೋವಿನ ಮಾತ್ರೆಯ ಜಾಹೀರಾತಿಗೆ ಕರೆಯುತ್ತಿದ್ದರು. ಬೆಳಕು ಹೋಗುತ್ತಿತ್ತು, ಉಬ್ಬರ ಏರುತ್ತಿತ್ತು. ಎದುರಿಗಿರುವವರಿಗೆ ಬೇಕಾದ ಮಾತನ್ನು ಬೇಕಾದ ಹೊತ್ತಿಗೆ ಹೇಳುವುದೇ ನಮ್ಮ ಕೆಲಸ. ಅದು ನಿಜವೋ ಸುಳ್ಳೋ ಎಂದು ಫಿಲ್ಮು ಕೇಳುವುದಿಲ್ಲ. ಚಿತ್ರ ಚೆನ್ನಾಗಿ ಬರಬೇಕಾದರೆ ಯಾರಾದರೂ ಏನಾದರೂ ಕಳೆದುಕೊಳ್ಳಬೇಕು. ಆವತ್ತು ನೀನು ಕಳೆದುಕೊಂಡೆ.

ಬೇರೆ ಸ್ಟುಡಿಯೊ ಹುಡುಕು ಅಂತೀಯ. ಹುಡುಕಿ ಸಾಕಾಗಿಯೇ ನಿನಗೆ ಬರೆದದ್ದು. ಸೇಡು ತೀರಿಸಿಕೊಳ್ಳುವ ಆಸೆಯಿದ್ದರೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ, ಯೋಚಿಸು. ನಾನೇ ನಾನಾಗಿ ಬಂದು ನಿನ್ನ ಕ್ಯಾಮೆರಾದ ಮುಂದೆ ಕೂರುತ್ತೇನೆ ಅನ್ನುತ್ತಿದ್ದೇನೆ.

ಗ್ವಾಕ್

—

ಮೊಕ್ಪೊ
3 ಮೇ 2019

ಗ್ವಾಕ್ ಮೇಷ್ಟ್ರಿಗೆ,

ಯೋಚಿಸಿದೆ. ತೆಗೆಯುತ್ತೇನೆ.

ಯಾಕೆ ಎಂದೂ ಹೇಳಿಬಿಡುತ್ತೇನೆ, ನಿಮ್ಮ ಹಾಗೆ ಬೆನ್ನ ಹಿಂದೆ ಆಟ ಆಡುವವಳಲ್ಲ. ಯಾರಿಗೂ ಗೊತ್ತಿಲ್ಲದ ನಿಮ್ಮ ಮುಖವೊಂದನ್ನು ನಾನು ಕಂಡಿದ್ದೇನೆ. ನಿಮ್ಮ ಹೆಂಡತಿ ಕಂಡಿರಲಿಕ್ಕಿಲ್ಲ, ಮಗಳು ಕಂಡಿಲ್ಲ. ಎದುರಿಗಿರುವವರ ಎದೆ ಒಡೆಯುವಾಗ ಕ್ಯಾಮೆರಾದ ಪಕ್ಕ ನಿಂತವನಿಗೆ ಬರುವ ಮುಖ ಅದು. ಅದೇ ಮುಖವನ್ನು ನಿಮ್ಮ ಸಾವಿನ ಹೂವುಗಳ ನಡುವೆ ಇಡಿಸುತ್ತೇನೆ. ನಿಮ್ಮ ನೆಂಟರಿಷ್ಟರು ಅದಕ್ಕೇ ಬಗ್ಗಲಿ. ಮಗಳು ವರ್ಷವರ್ಷ ಅದಕ್ಕೇ ಎಡೆ ಇಡಲಿ.

ನನ್ನ ಕೆಲಸದ ರೀತಿ ನಿಮಗೆ ಗೊತ್ತಿರಲಿ. ನಾನು ಯಾರಿಗೂ ನಗಿ ಅನ್ನುವುದಿಲ್ಲ, ಗದ್ದ ಎತ್ತಿ ಅನ್ನುವುದಿಲ್ಲ. ಹಳ್ಳಿಯ ಅಜ್ಜಿಯರು ಬಂದು ಕೂತಾಗ ಕೇಳುತ್ತೇನೆ: "ಅಜ್ಜೀ, ನಿಮ್ಮ ಸೊಸೆ ಕಿಮ್ಚಿಗೆ ಉಪ್ಪು ಸರಿಯಾಗಿ ಹಾಕ್ತಾಳಾ?" ಗದ್ದ ತಾನಾಗಿ ಮೇಲೆ ಬರುತ್ತದೆ, ಕಣ್ಣಲ್ಲಿ ಬೆಂಕಿ ಹತ್ತುತ್ತದೆ. "ಅವಳಾ? ಸಮುದ್ರಾನೇ ಸುರೀತಾಳೆ!" ಅನ್ನುವಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತದೆ. ಯಾರ ದೋಣಿಯನ್ನೂ ಮುಳುಗಿಸದೆ ಇಷ್ಟು ವರ್ಷ ಅನ್ನ ತಿಂದಿದ್ದೇನೆ.

ಜೂನ್ ಮೊದಲ ಸೋಮವಾರ ಬೆಳಿಗ್ಗೆ ಬನ್ನಿ. ಉತ್ತರದ ಕಿಟಕಿಯ ಬೆಳಕು ಆಗ ಚೆನ್ನಾಗಿರುತ್ತದೆ.

ಪ್ಯೊ ರಾನ್‌ಹಿ

—

ಗ್ವಾಂಗ್ಜು
11 ಮೇ 2019

ರಾನ್‌ಹಿಗೆ,

ಬರುತ್ತೇನೆ. ಬಿಳಿ ಹಾನ್‌ಬೊಕ್ ಹೊಲಿಸಿದ್ದೇನೆ. ಕಿವಿಯ ಯಂತ್ರ ಹಾಕಿಕೊಂಡು ಫೋಟೊಗೆ ಕೂರಲಾರೆ, ಅದನ್ನು ಜೇಬಿನಲ್ಲಿಡುತ್ತೇನೆ. ಅಂದರೆ ನಿನ್ನ ಕಿಮ್ಚಿ ಉಪ್ಪಿನ ಮಾತೆಲ್ಲ ನನ್ನ ಹತ್ತಿರ ನಡೆಯುವುದಿಲ್ಲ. ಬೈದರೂ ಕೇಳಿಸದು, ಸುಳ್ಳು ಹೇಳಿದರೂ ಕೇಳಿಸದು.

ನಿಮ್ಮ ಮೊಕ್ಪೊದ ಅರ್ಧ ಜನರನ್ನು ಸ್ಟೂಲಿನ ಮೇಲೆ ಕೂರಿಸಿದವನು ನಾನು. ಹೇಗೆ ಕೂರಬೇಕೆಂದು ನನಗೆ ಹೇಳಿಕೊಡಬೇಕಿಲ್ಲ. ಆ ಮುಖ ತೆಗೆದು ತೋರಿಸು, ನೋಡೋಣ.

ಗ್ವಾಕ್

—

ಮೊಕ್ಪೊ
19 ಜೂನ್ 2019

ಗ್ವಾಕ್ ಮೇಷ್ಟ್ರಿಗೆ,

ಇದರೊಂದಿಗೆ ಫೋಟೊ ಇದೆ. ನೋಡುವ ಮೊದಲು ಕೂತುಕೊಳ್ಳಿ.

ಅವತ್ತು ನೀವು ಮಂತ್ರಿಯ ಹಾಗೆ ಕೂತಿರಿ. ಬೆನ್ನು ನೆಟ್ಟಗೆ, ಗದ್ದ ಅಳತೆ ಮಾಡಿದಂತೆ, ಕಣ್ಣಲ್ಲಿ ಕರುಣೆ. ಎಷ್ಟು ಜನರಿಗೆ ಕಲಿಸಿದ್ದಿರೋ ಆ ಕರುಣೆಯನ್ನು! ನನ್ನ ಮಾತು ನಿಮಗೆ ಕೇಳಿಸುತ್ತಿರಲಿಲ್ಲ. ಕಿವಿ ಕೇಳದವರು ಬಂದಾಗ ನಾನು ಒಂದು ಉಪಾಯ ಮಾಡುತ್ತೇನೆ. ಕ್ಯಾಮೆರಾದ ಪಕ್ಕ ನಿಂತು, ಅವರ ಮುಖದಲ್ಲಿ ಏನು ಬರಬೇಕೋ ಅದನ್ನು ನನ್ನ ಮುಖದಲ್ಲಿ ತರುತ್ತೇನೆ. ನಾನು ನಕ್ಕರೆ ನಗುತ್ತಾರೆ, ನಾನು ತಲೆ ಓರೆ ಮಾಡಿದರೆ ಓರೆ ಮಾಡುತ್ತಾರೆ. ನಿಮ್ಮ ಮುಂದೆಯೂ ಅದನ್ನೇ ಮಾಡಿದೆ. ನಿಮ್ಮ ತುಟಿ ಏರಲಿ ಎಂದು ನನ್ನ ತುಟಿ ಏರಿಸಿದೆ, ಕಣ್ಣು ಕಿರಿದು ಮಾಡಿದೆ. ನೀವು ಕಲ್ಲು. ನನ್ನ ಆಟ ನೋಡಿ ಒಳಗೊಳಗೇ ನಗುತ್ತಿದ್ದಿರಿ, ನನಗೆ ಗೊತ್ತಾಯಿತು.

ಆಗ ಹೊಳೆಯಿತು. ಆ ಮುಖವನ್ನು ಕನ್ನಡಿ ಹಿಡಿದು ಬರಿಸಲು ಆಗುವುದಿಲ್ಲ. ನಿಮ್ಮೆದುರು ಯಾರಾದರೂ ಅಳಬೇಕು.

ಸುಳ್ಳು ಅಳು ನಿಮಗೆ ತಿಳಿಯುತ್ತದೆ. ಈರುಳ್ಳಿಯ ಕಣ್ಣೀರಿಗೂ ಎದೆಯ ಕಣ್ಣೀರಿಗೂ ವ್ಯತ್ಯಾಸ ಗೊತ್ತಿರುವವರು ನೀವು. ಅದಕ್ಕೆ ಅಪ್ಪನ ಬೂಟು ನೆನೆಸಿಕೊಂಡೆ. ಎಡಗಾಲಿನದಕ್ಕೆ ಅವನೇ ಹಾಕಿದ್ದ ತೇಪೆ, ಅಮ್ಮ ಅದನ್ನು ತೊಳೆದು ಬಿಸಿಲಿಗಿಟ್ಟದ್ದು. ಎಂದಿನಂತೆ ನಿಮ್ಮ ಮುಖ ಅಡ್ಡ ಬರುತ್ತದೆ ಎಂದು ಕಾದೆ. ಬರಲಿಲ್ಲ, ಯಾಕೆಂದರೆ ಅದು ಎದುರಿಗೇ ಕೂತಿತ್ತು, ಕಲ್ಲಿನಂತೆ. ನನಗೆ ಅಳು ಬಂತು. ಅಪ್ಪ ಸತ್ತು ಇಷ್ಟು ವರ್ಷವಾದ ಮೇಲೆ, ನಿಮ್ಮ ಮುಂದೆ! ಮೂಗು ಸುರಿಯುತ್ತ, ಬಾಯಿ ಬಿಟ್ಟುಕೊಂಡು ಅತ್ತೆ.

ನೀವು ಕಂಡಿರಿ. ಮೊದಲು ಗದ್ದ ಮುಂದೆ ಬಂತು. ಬಲಗಣ್ಣು ಕಿರಿದಾಯಿತು. ತುಟಿಯ ತುದಿ ಮೇಲೇರಿತು. ನಿಮ್ಮ ಬಲಗೈ ತೊಡೆಯ ಮೇಲೆ ಮುಷ್ಟಿಯಾಯಿತು, ಕೈಯಲ್ಲಿಲ್ಲದ ಗುಂಡಿಯನ್ನು ಒತ್ತುವಂತೆ. ನಾನು ಒತ್ತಿದೆ.

ಇದೇ ಆ ಮುಖ. ನೋಡಿಕೊಳ್ಳಿ.

ಪ್ಯೊ ರಾನ್‌ಹಿ

—

ಗ್ವಾಂಗ್ಜು
27 ಜೂನ್ 2019

ರಾನ್‌ಹಿಗೆ,

ಗದ್ದ ಅರ್ಧ ಬೆರಳು ಜಾಸ್ತಿ ಮುಂದಿದೆ. ಎಡಗಡೆಯ ನೆರಳು ಗಟ್ಟಿಯಾಯಿತು. ಉಳಿದದ್ದು ಸರಿಯಿದೆ.

ಇದನ್ನು ನನ್ನ ಮೊಮ್ಮಕ್ಕಳು ನೋಡುವುದಾ? ಬೆಕ್ಕು ಇಲಿಯನ್ನು ನೋಡುವ ಹಾಗೆ ನೋಡುತ್ತಿದ್ದೇನೆ. ನಾನು ಹೀಗಿರುತ್ತೇನೆಂದು ನನಗೆ ಗೊತ್ತಿರಲಿಲ್ಲ. ಯಾರಿಗಾದರೂ ಹೇಗೆ ಗೊತ್ತಾಗಬೇಕು, ಆ ಹೊತ್ತಿಗೆ ಎಲ್ಲರೂ ಕ್ಯಾಮೆರಾವನ್ನು ನೋಡುತ್ತಿರುತ್ತಾರೆ.

ಈಗ ಎರಡನೆಯದನ್ನು ಕಳಿಸು. ನೀನು ಎರಡು ಸಲ ಒತ್ತಿದೆ. ನನ್ನ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ನಿನ್ನ ಕೈ ಫಿಲ್ಮು ತಿರುಗಿಸಲು ಹೋದದ್ದನ್ನು, ಹೆಬ್ಬೆರಳು ಮತ್ತೆ ಅಲುಗಿದ್ದನ್ನು ನೋಡಿದೆ. ಆ ಎರಡನೆಯದು ನನಗೆ ಬೇಕು.

ಗ್ವಾಕ್

—

ಮೊಕ್ಪೊ
4 ಜುಲೈ 2019

ಗ್ವಾಕ್ ಮೇಷ್ಟ್ರಿಗೆ,

ಎರಡನೆಯದು ತೊಳೆಯುವಾಗ ಹಾಳಾಯಿತು. ಇರುವುದು ಇದೊಂದೇ. ಬೇಕಾದರೆ ಇಡಿಸಿಕೊಳ್ಳಿ, ಬೇಡವಾದರೆ ಬೇರೆಲ್ಲಾದರೂ ಹೋಗಿ.

ಪ್ಯೊ ರಾನ್‌ಹಿ

—

ಗ್ವಾಂಗ್ಜು
22 ಆಗಸ್ಟ್ 2019

ರಾನ್‌ಹಿಗೆ,

ಹೋಗಿದ್ದೆ. ಆಸ್ಪತ್ರೆಯ ಎದುರಿನ ಸ್ಟುಡಿಯೊ. ಗಡ್ಡ ಸರಿಯಾಗಿ ಮೂಡದ ಹುಡುಗನೊಬ್ಬ ಮುಂದೆ ನಿಂತು ಬಾಯಿ ಅಗಲಿಸಿದ. ಮಗಳು ಕಾಗದದಲ್ಲಿ ಬರೆದು ತೋರಿಸಿದಳು: "ಅಪ್ಪಾ, ನಗು ಬರೋಕೆ ಕಿಮ್ಚೀ ಅನ್ನಿ ಅಂತಿದ್ದಾರೆ." ನನಗೆ! ಕಿಮ್ಚೀ! ಮುಖದ ಗೆರೆಗಳನ್ನೆಲ್ಲ ಅಳಿಸಿ ಬೇಯಿಸಿದ ಮೊಟ್ಟೆಯಂತೆ ಮಾಡಿದ್ದಾನೆ. ಹಾನ್‌ಬೊಕ್ ತೆಗೆದು ಕಂಪ್ಯೂಟರಿನಲ್ಲೇ ಕೋಟು ಹಾಕಿ ಟೈ ಕಟ್ಟಿದ್ದಾನೆ. ಆ ಟೈಯೂ ಸೊಟ್ಟಗಿದೆ.

ಎರಡು ಫೋಟೊಗಳನ್ನೂ ಹಾಸಿಗೆಯ ಎದುರು ಒರಗಿಸಿಟ್ಟು ದಿನವೂ ನೋಡಿದೆ. ಮೊಟ್ಟೆಯನ್ನು ಹರಿದುಹಾಕಿದೆ. ನಿನ್ನದನ್ನು ಹರಿಯಲು ಕೈ ಬರಲಿಲ್ಲ. ಅದು ಒಳ್ಳೆಯ ಚಿತ್ರ. ನನ್ನ ಬದುಕಿನಲ್ಲಿ ಅಂಥದ್ದನ್ನು ಒಂದು ಸಲ ತೆಗೆದಿದ್ದೇನೆ, ಅದರಲ್ಲಿ ನೀನಿದ್ದೆ. ನಿನ್ನ ಚಿತ್ರದಲ್ಲಿರುವ ಮನುಷ್ಯ ಕೆಟ್ಟವನೆಂದು ನೀನು ಹೇಳಿಕೊಂಡು ತಿರುಗು, ನನಗೇನೂ ಇಲ್ಲ. ಮೊಟ್ಟೆಯಾಗಿ ಕೂರಲಾರೆ.

ನಿನ್ನದನ್ನೇ ಇಡಬೇಕೆಂದು ಮಗಳು ಬೊರಾಮ್‌ಗೆ ಹೇಳಿದ್ದೇನೆ. ಗೆದ್ದೆ ಅಂದುಕೋ. ಆದರೆ ಎರಡನೆಯದು ಹಾಳಾಯಿತೆಂದು ನಾನು ನಂಬಿಲ್ಲ. ಫಿಲ್ಮು ಹಾಳುಮಾಡುವ ಕೈಯಲ್ಲ ಅದು.

ಇನ್ನು ಬರೆಯಲು ಆಗಲಿಕ್ಕಿಲ್ಲ. ಬೆರಳು ನಿಲ್ಲುತ್ತಿಲ್ಲ.

ಗ್ವಾಕ್ ದೊಕ್ಸು

—

ಗ್ವಾಂಗ್ಜು
15 ನವೆಂಬರ್ 2019

ಪ್ಯೊ ರಾನ್‌ಹಿ ಅವರಿಗೆ,

ನಾನು ಗ್ವಾಕ್ ಬೊರಾಮ್, ದೊಕ್ಸು ಅವರ ಮಗಳು. ಅಪ್ಪ ಕಳೆದ ತಿಂಗಳ ಕೊನೆಯಲ್ಲಿ ತೀರಿಕೊಂಡರು. ಅವರ ಮಾತಿನಂತೆ ನೀವು ತೆಗೆದ ಫೋಟೊವನ್ನೇ ಇಟ್ಟೆವು. ನಿಮಗೆ ತಿಳಿಸಬೇಕಿತ್ತು, ತಡವಾಯಿತು.

ಒಂದು ವಿಷಯ ಕೇಳಬೇಕು. ಹೇಗೆ ಕೇಳುವುದೆಂದು ತಿಳಿಯದೆ ಎರಡು ಸಲ ಬರೆದು ಹರಿದುಹಾಕಿದ್ದೇನೆ.

ಅಪ್ಪನ ತಂಗಿ, ನನ್ನ ಸೋದರತ್ತೆ, ವಾಂದೊ ದ್ವೀಪದಿಂದ ಬಂದರು. ಓಣಿಯಲ್ಲಿ ಬರುವಾಗಲೇ "ಐಗೊ, ಅಣ್ಣಾ, ಐಗೊ" ಎಂದು ಎದೆ ಬಡಿದುಕೊಳ್ಳುತ್ತಿದ್ದರು. ಒಳಗೆ ಬಂದು ತಲೆ ಎತ್ತಿ ಫೋಟೊ ನೋಡಿದ್ದೇ ತಡ, ನಲ್ಲಿ ತಿರುಗಿಸಿದಂತೆ ನಿಂತುಹೋಯಿತು. ಲಂಗ ಸರಿಮಾಡಿಕೊಂಡು ನನ್ನನ್ನು ಕೇಳಿದರು: "ಇವನೇನು, ನಾನು ಅಳೋದನ್ನೇ ಕಾಯ್ತಾ ಕೂತಂಗಿದಾನಲ್ಲೇ!" ಬಂದವರೆಲ್ಲರಿಗೂ ಹಾಗೇ ಆಯಿತು. ಬಗ್ಗಿದರು, ಎದ್ದರು, ಕಣ್ಣು ತಪ್ಪಿಸಿಕೊಂಡು ಊಟಕ್ಕೆ ಹೋದರು. ಹುದುಗಿಸಿದ ತೊರಕೆ ಮೀನು ಅರ್ಧದಷ್ಟು ಹಾಗೇ ಉಳಿಯಿತು. ಸೋಜು ಕುಡಿದು ಹಾಡುವವರು ಕೂಡ ಬೇಗ ಎದ್ದು ಹೋದರು.

ನಾನು ಅವರ ಒಬ್ಬಳೇ ಮಗಳು. ನನಗೂ ಅಳಲಾಗಲಿಲ್ಲ. ಗಂಟಲಿಗೆ ಬರುತ್ತಿತ್ತು, ತಲೆ ಎತ್ತಿದರೆ ಅಪ್ಪ ಕಾಣುತ್ತಿದ್ದರು, ಬರಲಿ ಬರಲಿ ಅನ್ನುವಂತೆ. ಅಲ್ಲೇ ಒಣಗುತ್ತಿತ್ತು. ಗಂಡನ ಮನೆಯವರು ಆಡಿಕೊಂಡದ್ದು ಕಿವಿಗೆ ಬಿತ್ತು: "ಹೆತ್ತಪ್ಪ ಹೋದ್ರೂ ಕಣ್ಣಲ್ಲಿ ಒಂದು ಹನಿ ಇಲ್ಲ ನೋಡು." ಇವತ್ತಿಗೂ ಅಳು ಬಂದಿಲ್ಲ. ಎದೆಯಲ್ಲಿ ಕಲ್ಲಿಟ್ಟಂತೆ ಇದೆ. ಮನೆಯಲ್ಲಿ ಆ ಫೋಟೊದ ಮುಂದೆ ಅನ್ನ ಇಡುವಾಗ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತೇನೆ.

ನನ್ನ ಅಪ್ಪ ಒರಟು, ನಿಜ. ಆದರೆ ನನಗೆ ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ಇಡೀ ಯೂದಾಲ್ ಗುಡ್ಡ ಹತ್ತಿ ಇಳಿದವರು ಅವರೇ. ಆ ಮುಖ ನನಗೆ ಗುರುತೇ ಸಿಗುತ್ತಿಲ್ಲ. ಅವರಿಗೆ ಅವತ್ತು ನೀವು ಏನು ಹೇಳಿದಿರಿ? ಅವರು ಏನನ್ನು ನೋಡಿ ಹಾಗೆ ನಗುತ್ತಿದ್ದರು?

ಬೊರಾಮ್

—

ಮೊಕ್ಪೊ
21 ನವೆಂಬರ್ 2019

ಬೊರಾಮ್,

ನಾನು ಏನೂ ಹೇಳಲಿಲ್ಲ. ಹೇಳಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಅವರು ನನ್ನನ್ನು ನೋಡುತ್ತಿದ್ದರು, ನಾನು ಅಳುತ್ತಿದ್ದೆ. ಒಬ್ಬಳು ಅಳುವುದನ್ನು ಕಂಡಾಗ ಅವರೊಳಗಿನ ಫೋಟೊಗ್ರಾಫರನಿಗೆ ಬರುತ್ತಿದ್ದ ಮುಖ ಅದು. ನಾನು ಮೊದಲ ಸಲ ಅದನ್ನು ಕಂಡದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಬಂದರಿನ ಕಟ್ಟೆಯ ಮೇಲೆ, ನನ್ನ ಅಪ್ಪನ ದೋಣಿ ಮುಳುಗಿತೆಂದು ಸುಳ್ಳು ಹೇಳಿ ಅವರು ಫೋಟೊಗಾಗಿ ನನ್ನನ್ನು ಅಳಿಸಿದಾಗ. ಅದರಿಂದಾಗಿ ನನ್ನ ಅಪ್ಪನ ಸಾವಿನಲ್ಲಿ ನನಗೆ ಅಳಲಾಗಲಿಲ್ಲ. ಅವರ ಸಾವಿನಲ್ಲೂ ಯಾರೂ ಅಳದಿರಲಿ ಎಂದೇ ಅದನ್ನು ತೆಗೆದೆ. ಅವರ ತಂಗಿಯ ಗೋಳು ನಿಂತುಹೋಯಿತೆಂದು ಓದಿದಾಗ, ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಎದ್ದು ಚಹಾ ಕಾಯಿಸಿಕೊಂಡೆ.

ಆಮೇಲೆ ನಿನ್ನ ಗಂಟಲಿನ ಮಾತು ಓದಿದೆ. ಲೋಟ ಹಾಗೇ ತಣ್ಣಗಾಯಿತು. ಅವರ ಮಗಳು ನನಗೆ ಬರೀ ಎಡೆ ಇಡುವ ಎರಡು ಕೈಗಳಾಗಿದ್ದಳು. ನಾನು ನಿನ್ನ ಅಪ್ಪನಿಗೆ ಬರೆದಿದ್ದ ಮಾತುಗಳನ್ನೇ ನೀನು ನನಗೆ ಬರೆದು ಕಳಿಸಿದ್ದೀಯ. ನಾನು ಅವರಿಗೆಂದು ಎಸೆದ ಕಲ್ಲು ನಿನಗೆ ತಾಗಿತು. ಅವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅವರ ಸಾಲಿಗೆ ನಿನ್ನನ್ನು ಸೇರಿಸಲು ನನಗೆ ಮನಸ್ಸಿಲ್ಲ.

ಅವತ್ತು ನಾನು ಎರಡು ಸಲ ಒತ್ತಿದೆ. ಎರಡನೆಯದು ಹಾಳಾಯಿತೆಂದು ನಿನ್ನ ಅಪ್ಪನಿಗೆ ಬರೆದದ್ದು ಸುಳ್ಳು. ಮೊದಲನೆಯದು ಮುಗಿದ ಮೇಲೂ ನನ್ನ ಅಳು ನಿಲ್ಲಲಿಲ್ಲ. ಸ್ವಲ್ಪ ಹೊತ್ತು ಅವರು ಹಾಗೇ ನೋಡಿದರು. ಆಮೇಲೆ ಆ ನಗು ಇಳಿಯಿತು. ಜೇಬಿನಿಂದ ಕಿವಿಯ ಯಂತ್ರ ತೆಗೆದರು, ಅವಸರದಲ್ಲಿ ಅದು ಕಿವಿಗೆ ಸೇರಲಿಲ್ಲ. ಅದನ್ನು ಮುಷ್ಟಿಯಲ್ಲೇ ಹಿಡಿದು, ಸ್ಟೂಲಿನಿಂದ ಅರ್ಧ ಎದ್ದು, ಕಿವುಡರು ಕೂಗುವಂತೆ ಜೋರಾಗಿ ಕೇಳಿದರು: "ಯಾರು ಹೋದ್ರು? ಏ ಹುಡುಗೀ, ಯಾರು ಹೋದ್ರು?"

ಯಾವ ಮಾತನ್ನು ಆ ದಿನ ಕಟ್ಟೆಯ ಮೇಲೆ ನಾನು ಅವರನ್ನು ಕೇಳಿದ್ದೆನೋ, ಅದೇ ಮಾತು. ಅದೇ ಹೆದರಿಕೆ. ನಾನು ಫಿಲ್ಮು ತಿರುಗಿಸಿ ಒತ್ತಿದೆ. ಆಮೇಲೆ ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದೆ: "ಆಯ್ತು, ಚೆನ್ನಾಗಿ ಬಂತು. ಚಹಾ ಕುಡೀರಿ." ಅವರು ಅದನ್ನು ಓದಿ ಮತ್ತೆ ಸ್ಟೂಲಿನ ಮೇಲೆ ಕೂತರು. ಚಹಾ ಮುಟ್ಟಲಿಲ್ಲ.

ಆ ಎರಡನೆಯದನ್ನು ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದೆ. ಯಾಕೆಂದರೆ ಆ ಮುಖವನ್ನು ನೋಡಿದ ಯಾರಿಗಾದರೂ ಆ ಮನುಷ್ಯನ ಮೇಲೆ ಕನಿಕರ ಬರುತ್ತದೆ. ನನಗೂ ಬಂತು. ಅದೇ ನನಗೆ ಬೇಡವಾಗಿತ್ತು.

ಇದರೊಂದಿಗೆ ಕಳಿಸುತ್ತಿದ್ದೇನೆ. ನಿನ್ನನ್ನು ಬೆನ್ನ ಮೇಲೆ ಹೊತ್ತವರು ಇವರೇ ಇರಬೇಕು. ನಲವತ್ತೊಂಬತ್ತನೆಯ ದಿನದ ಕಾರ್ಯಕ್ಕೆ ಇನ್ನೂ ಸಮಯವಿದೆ, ಅಷ್ಟರಲ್ಲಿ ಚೌಕಟ್ಟು ಬದಲಿಸು. ಇದರ ಮುಂದೆ ಕೂತು ಗಟ್ಟಿಯಾಗಿ ಅಳು, ನೆರೆಹೊರೆಗೆಲ್ಲ ಕೇಳಿಸುವಂತೆ.

ಮೊದಲನೆಯದನ್ನು ನನಗೆ ವಾಪಸ್ಸು ಕಳಿಸು. ಅದು ನಿಮ್ಮ ಮನೆಯದಲ್ಲ. ಅದರ ಎದುರು ನಿಂತು ಅಳಬಲ್ಲವಳು ನಾನೊಬ್ಬಳೇ. ನನ್ನ ಅಪ್ಪನಿಗಾಗಿ ನಾನು ಅಳುವುದು ಇನ್ನೂ ಬಾಕಿಯಿದೆ.

ಪ್ಯೊ ರಾನ್‌ಹಿ